ಸಾಹೇಬರ ಬಲಗಿವಿ

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹುಡುಗರು ಅವಳಿಗೆ ಇಟ್ಟಿದ್ದ ಹೆಸರು ‘ಮೂರ್ಸಲ’. ಎದುರಿಗೆ ಮೇಡಂ, ಬೆನ್ನ ಹಿಂದೆ ಮೂರ್ಸಲ. ಗಾಜಿನ ಕೊಳವೆಯಲ್ಲಿ ದ್ರಾವಣ ಎಷ್ಟಕ್ಕೆ ನಿಂತಿದೆ ಎಂದು ಒಂದೇ ಸಲ ನೋಡಿ ಬರೆದುಕೊಂಡವರನ್ನು ಅವಳು ಮುಂದಕ್ಕೆ ಬಿಡುತ್ತಿರಲಿಲ್ಲ. “ಮೂರು ಸಲ ನೋಡಿ. ಮೂರನ್ನೂ ರಫ್ ಪುಸ್ತಕದಲ್ಲಿ ಬರೀರಿ. ಸರಾಸರಿ ತೆಗೆದು ಆಮೇಲೆ ರೆಕಾರ್ಡಿಗೆ ಏರಿಸಿ.” ಇಪ್ಪತ್ತೆರಡು ವರ್ಷದಿಂದ ಇದೊಂದೇ ಮಂತ್ರ. ಅವಳು ಪಾಠ ಹೇಳುವವಳಲ್ಲ, ಲ್ಯಾಬಿನ ಸಹಾಯಕಿ. ಆದರೆ ಬಾಟಲಿಗೆ ಅವಳು ಅಂಟಿಸಿದ ಚೀಟಿಯನ್ನು ಪಾಠ ಹೇಳುವವರು ನಂಬಿದಷ್ಟು ತಮ್ಮ ಕಣ್ಣನ್ನೇ ನಂಬುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಗ್ಯಾಸು ಆರಿಸಿದ್ದನ್ನು ಮೂರು ಸಲ ನೋಡಬೇಕು, ಚಿಲಕವನ್ನು ಮೂರು ಸಲ ಎಳೆಯಬೇಕು, ಹೊರಡುವವರಿಗೆ ಮೂರು ಸಲ ‘ಹುಷಾರು’ ಹೇಳಬೇಕು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಬೆಳಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿರುತ್ತಿದ್ದ. “ಯಾಕೋ ನಿಂತೆ?” ಎಂದು ಅವನ ತಾಯಿ ಕೇಳಿದರೆ, “ಎರಡು ಹುಷಾರು ಬಂತಮ್ಮ, ಇನ್ನೊಂದು ಬರಬೇಕು” ಎನ್ನುತ್ತಿದ್ದ.

ಇಂಥವಳು ಒಂದು ಸೋಮವಾರ ಲ್ಯಾಬಿನ ಹಳೇ ಪೇಪರುಗಳ ಕಟ್ಟನ್ನು ಪ್ರಾಣಿಗಳ ಆಶ್ರಯಕ್ಕೆ ಕೊಟ್ಟು ಬರಲು ಹೋದಳು. ಗೂಡುಗಳಿಗೆ ಹಾಸಲು ಅವರಿಗೆ ಪೇಪರು ಬೇಕಿತ್ತು. ಬೆಕ್ಕು ತರುವ ಯೋಚನೆ ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಕಟ್ಟು ಇಳಿಸಿ, ಕೈ ಒರೆಸಿಕೊಂಡು ತಿರುಗುವಾಗ ಹದಿನೇಳನೇ ಗೂಡಿಗೆ ನೇತುಹಾಕಿದ್ದ ಕಾರ್ಡು ಕಣ್ಣಿಗೆ ಬಿತ್ತು. ಬರೆದ ಕಾಗದ ಕಂಡರೆ ಓದದೆ ಮುಂದೆ ಹೋಗುವ ಜಾತಿಯಲ್ಲ ಅವಳದು.

‘ಗಂಡು. ವಯಸ್ಸು ಹನ್ನೆರಡೋ ಹದಿಮೂರೋ. ಸಕ್ಕರೆ ಕಾಯಿಲೆ. ಇನ್ಸುಲಿನ್ ಒಂದು ಯೂನಿಟ್, ಬೆಳಗ್ಗೆ ಏಳು, ಸಂಜೆ ಏಳು.’ ಅದರ ಕೆಳಗೆ ಚುಚ್ಚಿದ ಹೊತ್ತುಗಳು. ಏಳು ಗಂಟೆ, ನಾಲ್ಕೂ ಐವತ್ತು. ಎಂಟೂವರೆ, ಐದೂ ಹತ್ತು. ಒಂಬತ್ತೂ ಕಾಲು, ಆಮೇಲೆ ಬರೀ ಒಂದು ಗೆರೆ.

ಗೂಡಿನೊಳಗೆ ಬೂದು ಬಣ್ಣದ ಬೆಕ್ಕು ಗೋಡೆಗೆ ಮುಖ ಮಾಡಿ ಕೂತಿತ್ತು. ಬೆನ್ನುಮೂಳೆ ಎಣಿಸುವ ಹಾಗಿತ್ತು. ಎಡಗಿವಿ ಯಾವುದೋ ಹಳೇ ಜಗಳದಲ್ಲಿ ಅರ್ಧ ಹರಿದುಹೋಗಿತ್ತು.

“ಈ ಗೆರೆ ಏನು?” ಎಂದು ಕೇಳಿದಳು.

ಆಶ್ರಯ ನೋಡಿಕೊಳ್ಳುವ ಹೆಂಗಸು ಸೊಂಟದಲ್ಲಿ ನಲವತ್ತು ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅಲ್ಲಿಗೆ ಬರುವವರೆಲ್ಲ ಅವರನ್ನು ಬೀಗದಮ್ಮ ಎಂದೇ ಕರೆಯುತ್ತಿದ್ದರು. “ಮರೆತದ್ದು” ಎಂದರು ಬೀಗದಮ್ಮ, ಮುಚ್ಚುಮರೆಯಿಲ್ಲದೆ. “ಐದಕ್ಕೆ ಕೆಲಸದವರು ಹೋಗ್ತಾರೆ. ಏಳಕ್ಕೆ ಯಾರಿರ್ತಾರೆ ಇಲ್ಲಿ? ನಾನೊಬ್ಬಳು, ನಲವತ್ತು ಬಾಯಿ.”

“ಹನ್ನೆರಡು ಗಂಟೆ ಅಂದರೆ ಹನ್ನೆರಡು ಗಂಟೆ ಇರಬೇಕಲ್ವಾ?”

“ಇರಬೇಕು. ಡಾಕ್ಟರೂ ಅದನ್ನೇ ಹೇಳ್ತಾರೆ. ಹೀಗೇ ಹೊತ್ತುಗೊತ್ತಿಲ್ಲದೆ ಚುಚ್ಚಿದರೆ ಇದು ಇನ್ನೊಂದು ಚಳಿಗಾಲ ನೋಡಲ್ಲ ಅಂತಾನೂ ಹೇಳಿದ್ದಾರೆ. ನೀವು ಪೇಪರ್ ಇನ್ನೂ ಇದ್ದರೆ ತಂದುಕೊಡಿ, ಪುಣ್ಯ ಬರತ್ತೆ.”

ಅವಳು ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂತು, ಹೋಯಿತು. ಬೆಕ್ಕಿನ ಮುಖ ಅವಳು ನೋಡಿರಲೇ ಇಲ್ಲ. ಕಣ್ಣ ಮುಂದೆ ಇದ್ದದ್ದು ಆ ಗೆರೆ. ಒಂದು ಜೀವದ ಲೆಕ್ಕ ಬರೆಯುವ ಜಾಗದಲ್ಲಿ ಯಾರೋ ಕೈತೊಳೆದುಕೊಂಡ ಹಾಗೆ ಎಳೆದ ಗೆರೆ. ಎರಡನೇ ಬಸ್ಸೂ ಹೋದ ಮೇಲೆ ಅವಳು ತಿರುಗಿ ಒಳಗೆ ನಡೆದಳು.

“ಅದನ್ನ ನಾನು ತಗೊಂಡು ಹೋಗ್ತೀನಿ.”

ಬೀಗದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಅಮ್ಮಾ, ಇವನನ್ನ ಇಬ್ಬರು ಒಯ್ದು ಇಬ್ಬರೂ ತಂದುಬಿಟ್ಟರು. ಒಬ್ಬರು ಒಂಬತ್ತು ದಿನಕ್ಕೆ, ಇನ್ನೊಬ್ಬರು ಮೂರು ವಾರಕ್ಕೆ. ಪ್ರತಿ ಸಲ ಬಂದಾಗ ಎರಡು ದಿನ ಅನ್ನ ಮುಟ್ಟಲ್ಲ ಇವನು. ಮೂರನೇ ಸಲ ತಡ್ಕೊಳಲ್ಲ. ನಿಮಗೆ ಒಂದು ತಿಂಗಳು ಕೊಡ್ತೀನಿ. ತಿಂಗಳಾದ ಮೇಲೆ ಸಕ್ಕರೆ ಹಿಡಿತಕ್ಕೆ ಬಂದಿದೆ ಅಂತ ಡಾಕ್ಟರೂ ಹೇಳಬೇಕು, ನನಗೂ ಕಾಣಬೇಕು. ಆಗಷ್ಟೇ ಸಹಿ. ಇಲ್ಲದಿದ್ದರೆ ಹದಿನೇಳನೇ ಗೂಡು ಖಾಲಿ ಇಟ್ಟಿರ್ತೀನಿ.”

“ಇಡಬೇಡಿ” ಎಂದಳು ಅವಳು. ತನ್ನ ಬಾಯಿಂದ ಅಂಥ ಮಾತು ಬಂದದ್ದು ಅವಳಿಗೇ ಆಶ್ಚರ್ಯ.

ಮನೆಯಲ್ಲಿ ಅತ್ತೆ ಬುಟ್ಟಿಯ ಮುಚ್ಚಳದ ಸಂದಿಯಲ್ಲಿ ಇಣುಕಿ ನೋಡಿದರು. ಅವರಿಗೂ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. “ಈ ಮನೆಗೆ ನಾನೊಬ್ಬಳು ಸಾಲದು ಅಂತ ಜೊತೆಗೆ ತಂದ್ಯೇನೆ?”

“ಇದಕ್ಕೆ ಮಾತ್ರೆ ಅಲ್ಲ ಅತ್ತೆ, ಇಂಜೆಕ್ಷನ್ನು. ದಿನಕ್ಕೆ ಎರಡು ಸಲ.”

“ನೋಡಪ್ಪಾ ಭಾಗ್ಯ. ನನಗಿಂತ ದೊಡ್ಡ ರೋಗಿ.”

ಬೆಕ್ಕು ಬುಟ್ಟಿಯಿಂದ ಇಳಿದು ಅವಸರವಿಲ್ಲದೆ ನಡೆಯಿತು. ಅಡುಗೆಮನೆಯ ಮೂಲೆ ನೋಡಿತು, ಮಂಚದ ಕೆಳಗೆ ನೋಡಿತು, ಬಚ್ಚಲಿನ ಹೊಸ್ತಿಲಲ್ಲಿ ನಿಂತು ಮೂಸಿತು. ಎಲ್ಲಾ ಕಡೆ ಏನೋ ಕುಂದು ಕಂಡ ಹಾಗೆ ಮುಖ ಮಾಡಿ, ಕೊನೆಗೆ ಗಂಡನ ಕುರ್ಚಿ ಹತ್ತಿ ಕೂತಿತು.

“ತನಿಖೆಗೆ ಬಂದ ಸಾಹೇಬರು” ಎಂದರು ಅತ್ತೆ. ಅಲ್ಲಿಗೆ ನಾಮಕರಣ ಮುಗಿಯಿತು. ಆ ದಿನದಿಂದ ಅತ್ತೆಯ ಬಾಯಲ್ಲಿ ಬೆಕ್ಕು ‘ಎದ್ದರು’, ‘ಊಟ ಮಾಡಿದರು’, ‘ಸಿಟ್ಟಾಗಿದ್ದಾರೆ’. ಸ್ವಂತ ಮಗನಾದ ತನಗೆ ಹದಿನೆಂಟು ವರ್ಷ ತುಂಬಿದಾಗಲೂ ಅಮ್ಮ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ ಎಂದು ಕುರ್ಚಿ ಕಳಕೊಂಡ ಗಂಡ ಗೊಣಗಿದ.

ಚುಚ್ಚುವುದು ಅವಳಿಗೆ ಕಷ್ಟವಾಗಲಿಲ್ಲ. ಔಷಧಿಯನ್ನು ಫ್ರಿಜ್ಜಿನಲ್ಲಿ ಇಡಬೇಕು, ಕುಲುಕದೆ ಅಂಗೈಯಲ್ಲಿ ಹೊರಳಿಸಬೇಕು, ಸಿರಿಂಜಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು. ಇದೆಲ್ಲ ಲ್ಯಾಬಿನವಳಿಗೆ ನೀರು ಕುಡಿದಷ್ಟು ಸಲೀಸು. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಸೂಜಿ ತೂರಿಸಿದರೆ ಸಾಹೇಬರು ತಿನ್ನುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಕಷ್ಟ ಇದ್ದದ್ದು ಸಕ್ಕರೆ ನೋಡುವುದರಲ್ಲಿ. ಕಿವಿಯ ಅಂಚಿನಲ್ಲಿ ಒಂದು ಸಣ್ಣ ನರ ಓಡುತ್ತದೆ. ಅದನ್ನು ಚುಚ್ಚಿ, ಬಂದ ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಗೆ ತಾಗಿಸಿದರೆ ಕೈಯಲ್ಲಿನ ಮೀಟರು ಅಂಕಿ ತೋರಿಸುತ್ತದೆ. ಎಡಗಿವಿ ಹರಿದದ್ದರಿಂದ ಎಲ್ಲಾ ಭಾರ ಬಲಗಿವಿಯ ಮೇಲೆ. ದಿನಕ್ಕೊಮ್ಮೆ ಸಂಜೆ ಏಳಕ್ಕೆ ಮುಂಚೆ ನೋಡಿ ಬರೆದಿಡಿ ಎಂದಿದ್ದರು ಡಾಕ್ಟರು. ಅವಳು ದಿನಕ್ಕೊಮ್ಮೆಯೇ ನೋಡಿದಳು. ಆದರೆ ಒಮ್ಮೆ ನೋಡುವುದು ಎಂದರೆ ಅವಳ ಲೆಕ್ಕದಲ್ಲಿ ಮೂರು ಸಲ.

ಸಾಹೇಬರನ್ನು ಟವೆಲ್ಲಿನಲ್ಲಿ ಸುತ್ತುವುದು, ಮೊಣಕಾಲಿನ ನಡುವೆ ಹಿಡಿದುಕೊಳ್ಳುವುದು, ಚುಚ್ಚುವುದು. ಒರೆಸಿ, ಮೂರು ನಿಮಿಷ ಬಿಟ್ಟು ಮತ್ತೆ ಚುಚ್ಚುವುದು. ಮತ್ತೆ ಮೂರು ನಿಮಿಷ, ಮತ್ತೆ ಒಂದು. ಮೂರನ್ನೂ ರಫ್ ಪುಸ್ತಕದಲ್ಲಿ ಗೀಚಿ, ಸರಾಸರಿ ತೆಗೆದು, ಕೆಂಪು ಅಂಚು ಎಳೆದ ರೆಕಾರ್ಡಿನಲ್ಲಿ ಮುತ್ತು ಪೋಣಿಸಿದ ಹಾಗೆ ಒಂದೇ ಅಂಕಿ ಬರೆಯುವುದು.

“ನನಗೆ ಆಸ್ಪತ್ರೇಲಿ ಒಂದು ಸಲ ಚುಚ್ಚಿದ್ದಕ್ಕೇ ಆ ನರ್ಸಮ್ಮನ ಏಳು ತಲೆಮಾರು ನೆನಪು ಮಾಡಿದ್ದೆ” ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. “ಅವಳು ತೋಳಿಗೆ ಪಟ್ಟಿ ಕಟ್ಟಿ ಬುಸ್ ಬುಸ್ ಅಂತ ಗಾಳಿ ಒತ್ತಿದ ಕೂಡಲೇ ನನ್ನ ಬಿಪಿ ಅಟ್ಟ ಹತ್ತತ್ತೆ. ಮನೇಲಿ ನೋಡಿದರೆ ನೆಲದ ಮೇಲೇ ಇರತ್ತೆ.”

“ಸ್ವಲ್ಪ ಸುಮ್ನಿರಿ ಅತ್ತೆ, ಅಂಕಿ ತಪ್ಪತ್ತೆ.”

ನಾಲ್ಕನೇ ದಿನಕ್ಕೆ ಸಾಹೇಬರು ಟವೆಲ್ಲು ಕಂಡರೆ ಮಂಚದ ಕೆಳಗೆ ಹೋಗತೊಡಗಿದರು. ಆರನೇ ದಿನಕ್ಕೆ ಆರೂಮುಕ್ಕಾಲಿಗೇ ಹೋಗಿ ಕೂರುತ್ತಿದ್ದರು. ಅವಳು ಹೊಟ್ಟೆಯ ಮೇಲೆ ತೆವಳಿ ಎಳೆದು ತರುತ್ತಿದ್ದಳು. ಕೈ ಬಿಡುತ್ತಿರಲಿಲ್ಲ. ಆ ಕಾರ್ಡಿನ ಗೆರೆ ನೆನೆಸಿಕೊಳ್ಳುತ್ತಿದ್ದಳು.

ಎಂಟನೇ ದಿನ ರೆಕಾರ್ಡು ಹಿಡಿದು ಡಾಕ್ಟರ ಬಳಿ ಹೋದಳು. ಇನ್ನೂರೈವತ್ತರ ಕೆಳಗೆ ಬರಬೇಕಾದ ಅಂಕಿ ಇನ್ನೂರೆಪ್ಪತ್ತಮೂರು, ಇನ್ನೂರೆಂಬತ್ತೈದು, ಮುನ್ನೂರನಾಲ್ಕು. ಆ ಯುವ ಡಾಕ್ಟರು ಪುಟ ತಿರುಗಿಸುತ್ತಾ ತಲೆದೂಗಿದರು. “ಮನುಷ್ಯರ ಆಸ್ಪತ್ರೇಲೂ ಇಷ್ಟು ಅಚ್ಚುಕಟ್ಟಾಗಿ ಬರೆಯಲ್ಲ ಮೇಡಂ. ಆದರೆ ಸಕ್ಕರೆ ಜಾಸ್ತಿ ಇದೆ. ಎರಡು ಯೂನಿಟ್ ಮಾಡೋಣ.” ಹತ್ತು ದಿನ ಕಳೆದು ಮತ್ತೆ ಹೋದಳು. ಇನ್ನೂ ಇನ್ನೂರೈವತ್ತರ ಮೇಲೆಯೇ. “ಮೂರು ಮಾಡೋಣ” ಎಂದರು. ಹೊಗಳಿಕೆಯಿಂದ ಅವಳ ಬೆನ್ನು ನೆಟ್ಟಗಾಗಿತ್ತು. ಅಂಕಿ ಮಾತ್ರ ಇಳಿದಿರಲಿಲ್ಲ.

ಇಪ್ಪತ್ತೊಂದನೇ ದಿನ ಭಾನುವಾರ. ಬೆಳಗ್ಗೆ ಹನ್ನೊಂದರ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ಅವಳು ಬಟ್ಟೆ ಮಡಿಸುತ್ತಿದ್ದಳು. ಸಾಹೇಬರು ಕುರ್ಚಿಯಿಂದ ಇಳಿದು ನೀರಿನ ಬಟ್ಟಲಿನ ಕಡೆ ಹೊರಟರು. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ನಾಲ್ಕು ಹೆಜ್ಜೆಗೆ ಗೋಡೆಗೆ ಒರಗಿದರು, ಅಲ್ಲೇ ಜಾರಿ ಕೂತರು. ಬಾಯಿ ತೆರೆದಿತ್ತು. ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ.

ಅವಳು ಓಡಿಹೋಗಿ ಮೀಟರು ತಂದು ಕಿವಿ ಚುಚ್ಚಿದಳು. ನಲವತ್ತೊಂದು.

ನಲವತ್ತೊಂದು ಇರಲು ಸಾಧ್ಯವಿಲ್ಲ. ನಿನ್ನೆ ಸಂಜೆ ಇನ್ನೂರೈವತ್ತಮೂರು ಬರೆದಿದ್ದಳು. ಮೀಟರು ಕೆಟ್ಟಿರಬೇಕು, ಪಟ್ಟಿ ಹಳೆಯದಾಗಿರಬೇಕು. ಅವಳ ಕೈ ತಾನಾಗಿ ಡಬ್ಬಿಗೆ ಹೋಗಿ ಎರಡನೇ ಪಟ್ಟಿ ಎಳೆಯಿತು. ಅತ್ತೆ ಬಂದು ಆ ಕೈಯ ಮೇಲೆ ಚಟೀರನೆ ಹೊಡೆದರು.

“ಇನ್ನೆರಡು ಸಲ ನೋಡ್ತೀಯಾ? ಅಷ್ಟು ಹೊತ್ತಿಗೆ ಅವರು ಹೋಗಿರ್ತಾರೆ. ಇದು ಸಕ್ಕರೆ ಇಳಿದದ್ದು ಕಣೆ, ನನಗೂ ಹೀಗೇ ಆಗಿತ್ತು, ನಲ್ಲಿ ಹತ್ತಿರ ಬಿದ್ದಿದ್ದೆನಲ್ಲ. ಜೇನುತುಪ್ಪ ತಾ. ಓಡು.”

ಅವಳು ಜೇನಿನ ಬಾಟಲಿ ತಂದಳು. ಅತ್ತೆ ಬೆರಳಿಗೆ ಅದ್ದಿ ಸಾಹೇಬರ ಒಸಡಿಗೆ ಸವರಿದರು. ಮತ್ತೆ ಸವರಿದರು. ಅವಳು ಆ ಬೂದು ತಲೆಯನ್ನು ಅಂಗೈಯಲ್ಲಿ ಹಿಡಿದು ಕೂತಳು. ಗಡಿಯಾರದ ಕಡೆ ನೋಡಲಿಲ್ಲ. ಎಷ್ಟು ಹೊತ್ತಿಗೋ ನಾಲಿಗೆ ಒಂದು ಸಲ ಆಚೆ ಬಂತು, ಜೇನನ್ನು ನೆಕ್ಕಿತು. “ಬಂದರು” ಎಂದು ಅತ್ತೆ ನೆಲಕ್ಕೆ ಕುಸಿದು ಕೂತರು.

ಗಂಡ ಬೆಕ್ಕನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಡಾಕ್ಟರ ಮನೆ ಕ್ಲಿನಿಕ್ಕಿನ ಹಿಂದೆಯೇ ಇತ್ತು. ಅವರು ಕಾಲಿಗೆ ಡ್ರಿಪ್ ಹಾಕಿ, ರೆಕಾರ್ಡನ್ನು ಎರಡೆರಡು ಸಲ ನೋಡಿ ಹಣೆ ಉಜ್ಜಿಕೊಂಡರು. “ಅಂಕಿ ಎಲ್ಲ ಮೇಲಿದೆ, ಬೆಕ್ಕು ಮಾತ್ರ ಕೆಳಗಿದೆ. ನನಗೆ ಅರ್ಥ ಆಗ್ತಿಲ್ಲ ಮೇಡಂ. ಎರಡು ದಿನ ಇಲ್ಲೇ ಇರಲಿ. ಆಶ್ರಯಕ್ಕೂ ಹೇಳಬೇಕಾಗತ್ತೆ, ಅದು ನಿಯಮ.”

ಬೀಗದಮ್ಮ ಆ ಸಂಜೆಯೇ ಫೋನು ಮಾಡಿದರು. ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. “ನೀವು ಒಳ್ಳೆಯವರೇ ಅಮ್ಮ. ಮೊದಲಿನ ಇಬ್ಬರೂ ಒಳ್ಳೆಯವರೇ. ಮಂಗಳವಾರ ಸಂಜೆ ಕ್ಲಿನಿಕ್ಕಿಗೆ ಬುಟ್ಟಿ ತರ್ತೀನಿ.”

ಸೋಮವಾರ ಅವಳು ಲ್ಯಾಬಿಗೆ ಹೋದಳು. ಹೋಗದಿದ್ದರೆ ಮನೆಯಲ್ಲಿ ಆ ಖಾಲಿ ಕುರ್ಚಿ. ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳು ರಫ್ ಪುಸ್ತಕ ತಂದು ತೋರಿಸಿದಳು. “ಮೂರು ಸಲ ನೋಡಿದೆ ಮೇಡಂ, ಮೂರೂ ಬೇರೆ ಬೇರೆ ಬರ್ತಿದೆ. ಸರಾಸರಿ ತೆಗೆದುಬಿಡ್ಲಾ?”

ಅವಳು ಅಂಕಿಗಳ ಮೇಲೆ ಕಣ್ಣಾಡಿಸಿ ಅಭ್ಯಾಸಬಲದಿಂದ ಹೇಳಿದಳು. “ತೆಗೀಬೇಡ. ಒಂದು ಹೆಚ್ಚು, ಒಂದು ಕಮ್ಮಿ ಹೀಗೆ ಆಚೀಚೆ ಬಂದರೆ ಸರಾಸರಿ ತೆಗೀಬಹುದು. ನಿನ್ನದು ನೋಡು, ಮೊದಲನೆಯದಕ್ಕಿಂತ ಎರಡನೆಯದು ಜಾಸ್ತಿ, ಎರಡನೆಯದಕ್ಕಿಂತ ಮೂರನೆಯದು ಜಾಸ್ತಿ. ಒಂದೇ ಕಡೆ ಏರ್ತಾ ಹೋದರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಕೊಳವೆಯ ತಿರುಪು ನೋಡು.”

ಹುಡುಗಿ ತಿರುಪು ನೋಡಿದಳು. ಅದು ಸೋರುತ್ತಿತ್ತು. “ಹೌದು ಮೇಡಂ” ಎಂದು ತಿರುಗುವಷ್ಟರಲ್ಲಿ ಮೇಡಂ ಅಲ್ಲಿರಲಿಲ್ಲ.

ಅವಳು ಬಾಟಲಿಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೀಲದಿಂದ ಸಾಹೇಬರ ರಫ್ ಪುಸ್ತಕ ತೆಗೆದಳು. ಮೊದಲ ಪುಟ. ಇನ್ನೂರಿಪ್ಪತ್ತೆಂಟು, ಇನ್ನೂರೆಪ್ಪತ್ತು, ಮುನ್ನೂರಿಪ್ಪತ್ತೊಂದು. ಆಮೇಲಿನ ದಿನ ಇನ್ನೂರನಲವತ್ತು, ಇನ್ನೂರೆಂಬತ್ತೈದು, ಮುನ್ನೂರಮೂವತ್ತು. ಎರಡು ಯೂನಿಟ್ ಆದ ಮೇಲೆ ನೂರತೊಂಬತ್ತಾರು, ಇನ್ನೂರೈವತ್ತೊಂದು, ಮುನ್ನೂರಹದಿನೆಂಟು. ಇಪ್ಪತ್ತು ದಿನ, ಇಪ್ಪತ್ತು ಸಾಲು. ಒಂದು ಸಾಲಾದರೂ ಇಳಿದಿರಲಿಲ್ಲ. ಎಲ್ಲವೂ ಮೆಟ್ಟಿಲು ಹತ್ತಿದ ಹಾಗೆ ಏರಿದ್ದವು.

ಆ ಮೆಟ್ಟಿಲು ಕಟ್ಟಿದ್ದು ಯಾರು? ಟವೆಲ್ಲು, ಮೊಣಕಾಲು, ಮೂರು ನಿಮಿಷ, ಮತ್ತೆ ಸೂಜಿ. ನರ್ಸಮ್ಮ ಪಟ್ಟಿ ಕಟ್ಟಿದ ಕೂಡಲೇ ಅತ್ತೆಯ ಬಿಪಿ ಅಟ್ಟ ಹತ್ತುವ ಹಾಗೆ, ಅವಳ ಕೈ ತಾಗಿದ ಕೂಡಲೇ ಸಾಹೇಬರ ಸಕ್ಕರೆ ಹೆದರಿ ಹತ್ತಿತ್ತು. ಮೊದಲ ಅಂಕಿಯನ್ನು ಮಾತ್ರ ನೋಡಿದರೆ ಬಹುಪಾಲು ದಿನ ಇನ್ನೂರೈವತ್ತರ ಕೆಳಗೇ ಇತ್ತು. ತಾನು ಹುಟ್ಟಿಸಿದ ಭಯವನ್ನೇ ಅವಳು ಅಳೆದು, ಸರಾಸರಿ ತೆಗೆದು, ಕೆಂಪು ಅಂಚಿನ ನಡುವೆ ಚಂದದ ಅಕ್ಷರದಲ್ಲಿ ಬರೆದು ಡಾಕ್ಟರ ಕೈಗೆ ಕೊಟ್ಟಿದ್ದಳು. ಡಾಕ್ಟರು ಆ ಭಯಕ್ಕೆ ಔಷಧಿ ಏರಿಸಿದ್ದರು. ಚುಚ್ಚಿಸಿಕೊಂಡವರು ಸಾಹೇಬರು.

ಆಸಿಡ್ಡಿನ ವಾಸನೆಯ ಆ ಕೋಣೆಯಲ್ಲಿ ಅವಳು ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತಳು. ಇದನ್ನು ಯಾರಿಗೂ ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರೆಕಾರ್ಡು ನಿರ್ದೋಷಿ. ಮೀಟರಿನ ಮೇಲೆ ಹಾಕಬಹುದು, ಮುದಿ ದೇಹದ ಮೇಲೆ ಹಾಕಬಹುದು. ಹಾಗೆ ಮಾಡಿದರೆ ಅವಳ ಮರ್ಯಾದೆ ಮನೆಗೆ, ಸಾಹೇಬರು ಗೂಡಿಗೆ. ಅವಳು ರಫ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಅಷ್ಟು ವರ್ಷದಲ್ಲಿ ಮೊದಲ ಸಲ, ಕೋಣೆಯ ಬೀಗವನ್ನು ಒಂದೇ ಸಲ ಎಳೆದು ನೋಡಿ ಹೊರಟಳು.

ಮಂಗಳವಾರ ಕ್ಲಿನಿಕ್ಕಿನ ಬೆಂಚಿನ ಮೇಲೆ ಬೀಗದಮ್ಮ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವಳು ನಮಸ್ಕಾರವನ್ನೂ ಮಾಡದೆ ರಫ್ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

“ಡಾಕ್ಟ್ರೇ, ನಿಮಗೆ ಕೊಟ್ಟದ್ದು ತಪ್ಪು ಪುಸ್ತಕ. ಇದು ಸರಿಯಾದದ್ದು. ನಾನು ದಿನಾ ಮೂರು ಮೂರು ಸಲ ಚುಚ್ಚಿದ್ದೀನಿ. ಪ್ರತಿ ಸಾಲಿನ ಮೊದಲ ಅಂಕಿ ಮಾತ್ರ ಓದಿ.”

ಡಾಕ್ಟರು ಓದಿದರು. ಬೆರಳು ಕೆಳಗೆ ಇಳಿಯುತ್ತಾ ಹೋದ ಹಾಗೆ ಅವರ ಹುಬ್ಬು ಮೇಲಕ್ಕೆ ಹೋಯಿತು. “ಮೂರು ಸಲ ಯಾಕೆ ಚುಚ್ಚಿದ್ರಿ ಮೇಡಂ? ಬೆಕ್ಕಿಗೆ ಹೆದರಿಕೆ ಆದರೆ ನಿಮಿಷದಲ್ಲಿ ಸಕ್ಕರೆ ಏರತ್ತೆ. ಇದನ್ನ ನಾನು ಮೊದಲೇ ಹೇಳಬೇಕಿತ್ತು. ಯಾರೂ ಮೂರು ಸಲ ಚುಚ್ಚಲ್ಲ, ಅದಕ್ಕೇ ಹೇಳಿರಲಿಲ್ಲ.”

“ಅಂದರೆ ತಪ್ಪು ನಿಮ್ಮದೇ” ಎಂದರು ಬೀಗದಮ್ಮ, ಅವಳ ಕಡೆ ತಿರುಗಿ.

“ನನ್ನದೇ.”

ಒಂದು ನೆಪವಾದರೂ ಬರುತ್ತದೆ ಎಂದು ಬೀಗದಮ್ಮ ಕಾದರು. ಬರಲಿಲ್ಲ.

“ನನ್ನದು ಅಂತ ಗೊತ್ತಾಗಿದೆ, ಅದಕ್ಕೇ ಸರಿ ಮಾಡೋಕೆ ಬರತ್ತೆ” ಎಂದಳು ಅವಳು. “ಒಂದು ತಿಂಗಳು ಅಂದಿದ್ರಿ. ಇವತ್ತಿನ ಸಂಜೆ ಸೇರಿಸಿ ಇನ್ನೂ ಎಂಟು ಸಂಜೆ ಇದೆ. ಅದು ನನ್ನದು. ಕೊನೇ ಸಂಜೆ ನೀವೇ ಮನೆಗೆ ಬನ್ನಿ, ನಿಮ್ಮ ಕಣ್ಣೆದುರು ನೋಡ್ತೀನಿ. ಆಗಲೂ ಸರಿಯಿಲ್ಲ ಅನ್ನಿಸಿದರೆ ಬುಟ್ಟಿಗೆ ನಾನೇ ಹಾಕಿಕೊಡ್ತೀನಿ. ಎಂಟು ದಿನ ಮುಂಚೆ ಮಾತ್ರ ಕೊಡಲ್ಲ.”

ಬೀಗದಮ್ಮ ಡಾಕ್ಟರ ಕಡೆ ನೋಡಿದರು. “ಮತ್ತೆ ಒಂದು ಯೂನಿಟ್ಟಿಗೆ ಇಳಿಸ್ತೀನಿ” ಎಂದರು ಡಾಕ್ಟರು. “ಮೇಡಂ, ಸಂಜೆ ಒಂದು ಸಲ. ಒಂದೇ. ಟವೆಲ್ ಬೇಡ. ಬೆಕ್ಕು ಸುಸ್ತಾಗಿ ಕಂಡರೆ ಆ ಮಾತು ಬೇರೆ. ಇಲ್ಲದಿದ್ದರೆ ಬಂದ ಅಂಕಿ ಬಂದದ್ದೇ. ಆಗತ್ತಾ?”

“ಆಗತ್ತೆ” ಎಂದಳು. ಆಗುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಬೀಗದಮ್ಮ ಖಾಲಿ ಬುಟ್ಟಿ ಎತ್ತಿಕೊಂಡರು.

ಆ ಸಂಜೆ ಅವಳು ಪಟ್ಟಿಗಳ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟಳು. “ದಿನಕ್ಕೆ ಒಂದು ಕೊಡಿ. ನಾನು ಕಾಲಿಗೆ ಬಿದ್ದರೂ ಎರಡನೆಯದು ಕೊಡಬೇಡಿ.”

“ನೀನು ಕಾಲಿಗೆ ಬೀಳೋದನ್ನ ನೋಡೋ ಆಸೆ ಇದೆ, ಆದರೂ ಕೊಡಲ್ಲ” ಎಂದು ಅತ್ತೆ ಡಬ್ಬಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡರು.

ಮೊದಲ ಸಂಜೆ ಸಾಹೇಬರು ಮಂಚದ ಕೆಳಗಿಂದ ಬರಲೇ ಇಲ್ಲ. ಅವಳು ತೆವಳಲಿಲ್ಲ. ನೆಲದ ಮೇಲೆ ಕೂತು, ಬೇಯಿಸಿದ ಮೀನಿನ ಚೂರೊಂದನ್ನು ಪಕ್ಕದಲ್ಲಿಟ್ಟು ಕಾದಳು. ಅಂಕಿ ನೋಡಲು ಆಗಲಿಲ್ಲ. ಪುಸ್ತಕದಲ್ಲಿ ‘ನೋಡಿಲ್ಲ, ಬರಲಿಲ್ಲ’ ಎಂದು ಕಾರಣ ಸಮೇತ ಬರೆದಳು. ಏಳು ಗಂಟೆಗೆ ಊಟದ ಬಟ್ಟಲಿಟ್ಟಾಗ ಸಾಹೇಬರು ಬಂದರು, ತಿಂದರು, ಇಂಜೆಕ್ಷನ್ನು ಹಾಕಿಸಿಕೊಂಡರು. ಎರಡನೇ ಸಂಜೆ ಮೀನಿಗಾಗಿ ಬಂದರು. ಅವಳು ಬೆಚ್ಚಗಿನ ಹತ್ತಿಯನ್ನು ಬಲಗಿವಿಗೆ ಒತ್ತಿ, ಅವರು ನೆಕ್ಕುತ್ತಿದ್ದಾಗಲೇ ಚುಚ್ಚಿದಳು. ಇನ್ನೂರಮೂವತ್ತಾರು. ನಿಜವೇ? ಬೆರಳುಗಳು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದವು. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತಳು. ಗಂಡ ಅವಳ ಪಕ್ಕ ನೆಲದ ಮೇಲೆ ಬಂದು ಕೂತು, “ಹುಷಾರು” ಎಂದ. ಒಂದೇ ಸಲ.

ಮೂರನೇ ಸಂಜೆ ಇನ್ನೂರ ಅರವತ್ತು. ಅದೇ ಕಠಿಣ ದಿನ. ಇನ್ನೊಂದು ಸಲ ನೋಡಿದರೆ ಸರಿಹೋಗಬಹುದೇನೋ ಎಂದು ಮನಸ್ಸು ಅಂಗಲಾಚಿತು. ಅವಳು ಅತ್ತೆಯ ಕೋಣೆಯ ಬಾಗಿಲವರೆಗೆ ಹೋದಳು. ಅತ್ತೆ ದಿಂಬಿನ ಮೇಲೆ ತಲೆ ಒತ್ತಿ ಗೊರಕೆಯ ನಾಟಕ ಆಡಿದರು. ಅವಳು ವಾಪಸು ಬಂದು ಇನ್ನೂರ ಅರವತ್ತು ಎಂದೇ ಬರೆದಳು. ನಾಲ್ಕನೇ ಸಂಜೆ ಇನ್ನೂರಿಪ್ಪತ್ತು. ಐದನೇ ಸಂಜೆ ಆರೂಮುಕ್ಕಾಲಿಗೆ ಸಾಹೇಬರು ತಾವಾಗಿ ಬಂದು ಅವಳ ಮೊಣಕಾಲಿಗೆ ಹಣೆ ಉಜ್ಜಿದರು. ಮೀನಿಗೋ ಅವಳಿಗೋ ಎಂದು ಅವಳು ಪರೀಕ್ಷೆ ಮಾಡಿ ನೋಡಲಿಲ್ಲ.

ಕೊನೆಯ ಸಂಜೆ ಬೀಗದಮ್ಮ ಆರೂವರೆಗೆ ಬಂದರು. ಮೆಟ್ಟಿಲಿನಲ್ಲಿ ಬೀಗದ ಕೈಗಳ ಸದ್ದು ಕೇಳಿದ ಕೂಡಲೇ ಸಾಹೇಬರ ಮೈ ಸೆಟೆದು, ಒಂದೂವರೆ ಕಿವಿ ಹಿಂದಕ್ಕೆ ಮಡಚಿಕೊಂಡಿತು.

ಅವಳು ಬಾಗಿಲಿಗೆ ಅಡ್ಡ ನಿಂತಳು. “ಆ ಗೊಂಚಲು ಹೊರಗೆ ಇಟ್ಟು ಬನ್ನಿ. ಅದರ ಸದ್ದಿಗೇ ಮೂವತ್ತು ಏರತ್ತೆ.”

“ಇಷ್ಟು ವರ್ಷದಲ್ಲಿ ಇದನ್ನ ಯಾರೂ ಹೊರಗಿಡಿಸಿಲ್ಲ” ಎಂದರು ಬೀಗದಮ್ಮ. ಆದರೂ ಬಿಚ್ಚಿ ಚಪ್ಪಲಿಯ ಪಕ್ಕ ಇಟ್ಟರು.

ಅತ್ತೆ ಒಂದು ಪಟ್ಟಿಯನ್ನು ಪ್ರಸಾದ ಕೊಟ್ಟಂತೆ ಎರಡು ಬೆರಳಲ್ಲಿ ಹಿಡಿದು ಕೊಟ್ಟರು. ಅವಳು ನೆಲದ ಮೇಲೆ ಕೂತಳು. ಮೀನಿನ ಚೂರನ್ನು ಪಕ್ಕದಲ್ಲಿಟ್ಟು ಹತ್ತು ನಿಮಿಷ ಕಾದಳು. ಸಾಹೇಬರು ಬಾಗಿಲನ್ನು ನೋಡಿದರು, ಬೀಗದಮ್ಮನನ್ನು ನೋಡಿದರು, ಕೊನೆಗೆ ಮೀನನ್ನು ನೋಡಿದರು. ಬಂದರು. ಬೆಚ್ಚನೆಯ ಹತ್ತಿ, ಸೂಜಿ, ಹನಿ.

ಇನ್ನೂರನಲವತ್ತೊಂದು.

“ಇನ್ನೂರೈವತ್ತರ ಒಳಗೇ ಇದೆ, ಆದರೆ ಅಂಚಿನಲ್ಲಿದೆ” ಎಂದು ಬೀಗದಮ್ಮ ಮೀಟರಿನ ಮೇಲೆ ಬಗ್ಗಿದರು. “ಇನ್ನೊಂದು ಸಲ ನೋಡಿಬಿಡಿ ಅಮ್ಮ, ಖಾತ್ರಿಗೆ. ನೋಡಿದ ಕೂಡಲೇ ಸಹಿ ಹಾಕ್ತೀನಿ.”

ಅವಳು ಹುಟ್ಟಿದಾಗಿನಿಂದ ಯಾರಾದರೂ ತನಗೆ ಹೇಳಲಿ ಎಂದು ಕಾದ ಮಾತು ಅದು. ಇನ್ನೊಂದು ಸಲ ನೋಡು. ಖಾತ್ರಿ ಮಾಡಿಕೋ. ಅತ್ತೆಯ ಕೈಯಲ್ಲಿ ಡಬ್ಬಿಯೂ ಇತ್ತು.

“ಇಲ್ಲ” ಎಂದಳು.

“ಇಲ್ಲ ಅಂದರೆ?”

“ಇವತ್ತಿನದು ಆಯ್ತು. ಇನ್ನೊಂದು ಸಲ ಚುಚ್ಚಿದರೆ ನಿಮಗೆ ಖಾತ್ರಿ ಆಗತ್ತೆ, ಇವನಿಗೆ ನೋವಾಗತ್ತೆ, ಅಂಕಿಯೂ ಸುಳ್ಳಾಗತ್ತೆ.”

“ನಾನು ಸಹಿ ಹಾಕದೆ ಹೋದರೆ?”

“ಹಾಕದೆ ಹೋದರೂ ಚುಚ್ಚಲ್ಲ.” ಅವಳು ರಫ್ ಪುಸ್ತಕ ತೆಗೆದು ಬೀಗದಮ್ಮನ ತೊಡೆಯ ಮೇಲೆ ಇಟ್ಟಳು. “ಏಳು ಸಂಜೆ ಇದರಲ್ಲಿದೆ, ಎಂಟನೆಯದು ನೀವೇ ನೋಡಿದ್ರಿ. ಒಂದು ಸಂಜೆ ನೋಡೋಕಾಗಲಿಲ್ಲ, ಅದನ್ನೂ ಬರೆದಿದ್ದೀನಿ. ಒಂದು ದಿನ ಜಾಸ್ತಿ ಇತ್ತು, ಅದೂ ಇದೆ. ಡಾಕ್ಟರು ನಿನ್ನೆ ನೋಡಿ ಕೆಳಗೆ ಸಹಿ ಹಾಕಿದ್ದಾರೆ. ನಿಮ್ಮ ಕಾರ್ಡನ್ನ ನಾನು ಒಂದೇ ಸಲ ಓದಿ ನಂಬಿದ್ದೆ. ಇದನ್ನ ನೀವು ಒಂದು ಸಲ ಓದಿ.”

ಬೀಗದಮ್ಮ ಕನ್ನಡಕ ಏರಿಸಿ ಓದತೊಡಗಿದರು. ಏಳಾಯಿತು. ಅವಳು ಅತ್ತ ನೋಡುತ್ತಾ ಕೂರಲಿಲ್ಲ. ಎದ್ದು ಫ್ರಿಜ್ಜಿನಿಂದ ಔಷಧಿ ತಂದು, ಅಂಗೈಯಲ್ಲಿ ಹೊರಳಿಸಿ, ಒಂದು ಯೂನಿಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಳೆದಳು. ಬಟ್ಟಲು ಇಟ್ಟಳು. ಸಾಹೇಬರು ತಿನ್ನುತ್ತಿದ್ದಾಗ ಕತ್ತಿನ ಚರ್ಮ ಎತ್ತಿ ಹಾಕಿದಳು. ಅವರು ತಲೆ ಎತ್ತಲಿಲ್ಲ.

ಬೀಗದಮ್ಮ ಗೋಡೆ ಗಡಿಯಾರ ನೋಡಿದರು. ಆಮೇಲೆ ಚೀಲದಿಂದ ಎರಡು ಕಾಗದ ತೆಗೆದರು. ಒಂದಕ್ಕೆ ಸಹಿ ಹಾಕಿದರು. ಇನ್ನೊಂದು ಹದಿನೇಳನೇ ಗೂಡಿನ ಹಳೇ ಕಾರ್ಡು. ವಾಪಸು ನೇತುಹಾಕಬೇಕಾಗಬಹುದು ಎಂದು ತಂದಿದ್ದರು ಅನ್ನಿಸುತ್ತದೆ. ಅದನ್ನು ಮೇಜಿನ ಮೇಲೆ ಇಟ್ಟರು.

“ಇದು ಇಟ್ಕೊಳಿ. ನನಗೆ ಇನ್ನು ಬೇಡ.”

“ಒಂದು ಲೋಟ ಕಾಫಿ ಕುಡಿದು ಹೋಗಿ” ಎಂದರು ಅತ್ತೆ. “ಸಕ್ಕರೆ ಮಾತ್ರ ಈ ಮನೇಲಿ ಕೇಳಬೇಡಿ.”

ಬೀಗದಮ್ಮ ಹೋಗುವಾಗ “ಬರ್ತೀನಿ” ಎಂದು, ಗೊಂಚಲನ್ನು ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಸದ್ದಾಗದ ಹಾಗೆ ಮೆಟ್ಟಿಲು ಇಳಿದರು. ಅವಳು ಬಾಗಿಲು ಹಾಕಿ ಚಿಲಕ ಎಳೆದು ನೋಡಿದಳು. ಇನ್ನೊಂದು ಸಲ ಎಳೆದಳು. ಒಂದೇ ಸಲ ಎನ್ನುವ ನಿಯಮ ಬಾಗಿಲಿಗೆ ಇರಲಿಲ್ಲವಲ್ಲ.